ಉಪ್ಪು ಹಾಕಿದರೆ ಸ್ಪಿರಿಟ್ ಕಡಕ್ ಆಗುತ್ತಾ?

ಹೋದ ಸಂಚಿಕೆಯಲ್ಲಿ ಬಟ್ಟಿ ಇಳಿಸುವುದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನೀರು, ಆಲ್ಕೋಹಾಲ್ ಬೆರೆತ ಮೇಲೆ ಎಷ್ಟು ಸಲ ಕುದಿಸಿ ತಣಿಸಿದರೂ ಪೂರ್ತಿ ಬಿಡಿಸಲು ಆಗುವುದಿಲ್ಲ ಎಂದು ಅದರಲ್ಲಿ ಹೇಳಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಉಪ್ಪಿನ ಕುರಿತೇ ಇವೆ. ಯಾಕೋ ಗೊತ್ತಿಲ್ಲ, ಎಲ್ಲರಿಗೂ ಉಪ್ಪಿನ ಮೇಲೆ ಅಷ್ಟು ನಂಬಿಕೆ! ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನೀರಿಗೆ ಉಪ್ಪು ಹಾಕಿದರೆ ಕುದಿಬಿಂದು ಏರುತ್ತದೆ ಎಂದು ನಾನು ಪಿಯುಸಿಯಲ್ಲಿ ಓದಿದ್ದೆ. ನನ್ನ ಮಗ ಈಗ ಬಿ.ಎಸ್‌ಸಿ. ಅವನ ಮೇಷ್ಟ್ರು ಆಲ್ಕೋಹಾಲ್ ಬೆರೆತ ನೀರಿಗೆ ಉಪ್ಪು ಹಾಕಿದರೆ ಅದು ಬೇಗ ಕುದಿಯುತ್ತದೆ, ಬರುವ ಸ್ಪಿರಿಟ್ ಕೂಡ ಸ್ಟ್ರಾಂಗ್ ಆಗಿರುತ್ತದೆ ಅಂದರಂತೆ. ಇಬ್ಬರಲ್ಲಿ ಯಾರು ಸರಿ? (ಮಂಡ್ಯದ ಓದುಗರು)

ಇಬ್ಬರೂ ಸರಿ. ಜಗಳ ಆಡಬೇಡಿ.

ನೀವು ಓದಿದ್ದು ಬರೀ ನೀರಿನ ಕಥೆ. ಒಂದು ಕಿಲೋ ನೀರಿಗೆ 58 ಗ್ರಾಂನಷ್ಟು ಅಡುಗೆ ಉಪ್ಪು ಕರಗಿಸಿದರೆ ಕುದಿಬಿಂದು ಹೆಚ್ಚೂಕಡಿಮೆ ಒಂದು ಡಿಗ್ರಿ ಏರುತ್ತದೆ, ಅಷ್ಟೇ. (ಇನ್ನೊಬ್ಬರು ಸಾರಿಗೆ ಮೊದಲೇ ಉಪ್ಪು ಹಾಕಿದರೆ ಗ್ಯಾಸ್ ಜಾಸ್ತಿ ಖರ್ಚಾಗುತ್ತದಾ ಎಂದು ಕೇಳಿದ್ದಾರೆ. ಇಲ್ಲ, ನೀವು ಹಾಕುವ ಒಂದೆರಡು ಚಮಚಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.) ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆವಿಯಾಗಿ ಹೋಗಲು ಬಿಡುವುದಿಲ್ಲ. ಅದಕ್ಕೇ ನೀರನ್ನು ಇನ್ನೂ ಸ್ವಲ್ಪ ಬಿಸಿ ಮಾಡಬೇಕಾಗುತ್ತದೆ.

ನಿಮ್ಮ ಮಗನ ಮೇಷ್ಟ್ರು ಹೇಳಿದ್ದು ಇದೇ ಕಥೆಯ ಎರಡನೇ ಭಾಗ. ಉಪ್ಪು ಕರಗಿತು ಅಂದರೆ ಸೋಡಿಯಂ ಒಂದು ಕಡೆ, ಕ್ಲೋರೈಡ್ ಒಂದು ಕಡೆ ಬಿಡಿಬಿಡಿಯಾಯಿತು ಎಂದರ್ಥ. ಇವಕ್ಕೆ ಅಯಾನು ಅನ್ನುತ್ತಾರೆ. ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಒಂದೊಂದು ಅಯಾನಿನ ಸುತ್ತ ಐದಾರು ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ಆಲ್ಕೋಹಾಲ್‌ಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಅದರ ಅಣುವಿನ ಒಂದು ತುದಿ ನೀರಿನ ಹಾಗೆಯೇ ಇದೆ, ಅದಕ್ಕೇ ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಇನ್ನೊಂದು ತುದಿಯಲ್ಲಿ ಎಣ್ಣೆ ಜಾತಿಯ ಬಾಲ ಇದೆ. ಆ ಬಾಲಕ್ಕೂ ಅಯಾನಿಗೂ ಆಗಿಬರುವುದಿಲ್ಲ. ಉಪ್ಪು ಇಲ್ಲದಿದ್ದಾಗ ಆಲ್ಕೋಹಾಲ್‌ಗೆ ಆಸರೆಯಾಗಿದ್ದ ನೀರೆಲ್ಲ ಈಗ ಉಪ್ಪಿನ ಸೇವೆಗೆ ಹೋಯಿತು. ಆಸರೆ ತಪ್ಪಿದ ಆಲ್ಕೋಹಾಲ್ ದ್ರಾವಣದಲ್ಲಿ ಇರಲಾರದೆ ಆವಿಯಾಗಿ ಹೊರಡುತ್ತದೆ.

ಹೀಗೆ ಒಂದೇ ಉಪ್ಪು ಎರಡು ಕೆಲಸ ಮಾಡುತ್ತದೆ. ನೀರಿನ ಆವಿಯನ್ನು ಸ್ವಲ್ಪ ತಗ್ಗಿಸುತ್ತದೆ, ಆಲ್ಕೋಹಾಲ್ ಆವಿಯನ್ನು ಚೆನ್ನಾಗಿ ಏರಿಸುತ್ತದೆ. ತೂಕದಲ್ಲಿ ಶೇಕಡಾ 10ರಷ್ಟು ಆಲ್ಕೋಹಾಲ್ ಇರುವ ನೀರನ್ನೇ ತೆಗೆದುಕೊಳ್ಳಿ. ಅದು ಸುಮಾರು 91, 92 ಡಿಗ್ರಿಗೆ ಕುದಿಯುತ್ತದೆ. ಕೆಳಗೆ ಶೇಕಡಾ 10 ಇದ್ದರೂ ಮೊದಲು ಏಳುವ ಆವಿಯಲ್ಲಿ ಆಗಲೇ ಅರ್ಧದಷ್ಟು ಆಲ್ಕೋಹಾಲ್ ಇರುತ್ತದೆ. ಇದಕ್ಕೆ ಧಾರಾಳವಾಗಿ ಉಪ್ಪು ಕರಗಿಸಿದರೆ ಆವಿಯಲ್ಲಿ ಆಲ್ಕೋಹಾಲ್ ಪಾಲು ಇನ್ನೂ ಮೇಲೆ ಹೋಗುತ್ತದೆ, ಕುದಿಯುವ ಬಿಸಿ ಕೆಳಗೆ ಇಳಿಯುತ್ತದೆ. ಹೌದು, ಇಳಿಯುತ್ತದೆ! ದ್ರಾವಣ ಕುದಿಯುವುದು ಎರಡೂ ಆವಿಗಳ ಒತ್ತಡ ಸೇರಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದಾಗ. ನೀರಿನ ಕಡೆಯಿಂದ ಕಳೆದುಕೊಂಡದ್ದಕ್ಕಿಂತ ಆಲ್ಕೋಹಾಲ್ ಕಡೆಯಿಂದ ಸಿಕ್ಕಿದ್ದು ಜಾಸ್ತಿ, ಹಾಗಾಗಿ ಕಡಿಮೆ ಬಿಸಿಗೇ ಲೆಕ್ಕ ಚುಕ್ತಾ ಆಗುತ್ತದೆ. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಇದನ್ನು ಥರ್ಮಾಮೀಟರ್ ಇಟ್ಟು ತೋರಿಸುವ ತನಕ ಹುಡುಗರು ನಂಬುತ್ತಿರಲಿಲ್ಲ. ಪಠ್ಯಪುಸ್ತಕದ ಒಂದು ಸಾಲು ತಲೆಯಲ್ಲಿ ಕೂತುಬಿಟ್ಟರೆ ಏಳಿಸುವುದು ಕಷ್ಟ.

ಆದರೆ 'ಆಲ್ಕೋಹಾಲ್ ಜಾಸ್ತಿ ಬರುತ್ತದೆ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉಪ್ಪಿನಿಂದ ಹೊಸ ಆಲ್ಕೋಹಾಲ್ ಹುಟ್ಟುವುದಿಲ್ಲ. ಪಾತ್ರೆಯಲ್ಲಿ ಎಷ್ಟಿತ್ತೋ ಅಷ್ಟೇ ಬರುತ್ತದೆ, ಜೊತೆಗೆ ಬರುವ ನೀರು ಕಮ್ಮಿಯಾಗಿರುತ್ತದೆ. ಚಿಟಿಕೆ ಉಪ್ಪಿಗೆ ಇದೆಲ್ಲ ಆಗುವುದೂ ಇಲ್ಲ, ದ್ರಾವಣದ ತೂಕದಲ್ಲಿ ಹತ್ತನೇ ಒಂದು ಪಾಲೋ ಐದನೇ ಒಂದು ಪಾಲೋ ಉಪ್ಪು ಬೇಕು.

ಪ್ರಶ್ನೆ: ಹಾಗಾದರೆ ಉಪ್ಪು ಹಾಕುತ್ತಾ ಹೋಗಿ ನೂರಕ್ಕೆ ನೂರು ಆಲ್ಕೋಹಾಲ್ ಮಾಡಬಹುದಲ್ವಾ? ಶೇಕಡಾ 95ರ ಹತ್ತಿರ ಎಲ್ಲರೂ ಯಾಕೆ ನಿಂತುಬಿಡುತ್ತಾರೆ? (ಬೆಳಗಾವಿ)

ಒಳ್ಳೆ ಪ್ರಶ್ನೆ. ಮೊದಲು ಆ 95ರ ಕಥೆ. ಬರೀ ನೀರು 100 ಡಿಗ್ರಿಗೆ, ಬರೀ ಆಲ್ಕೋಹಾಲ್ 78.3 ಡಿಗ್ರಿಗೆ ಕುದಿಯುತ್ತವೆ. ಇವೆರಡನ್ನು ಬೆರೆಸಿ, ತೂಕದಲ್ಲಿ ಆಲ್ಕೋಹಾಲ್ ಸುಮಾರು ಶೇಕಡಾ 95.6ಕ್ಕೆ ಮುಟ್ಟಿದಾಗ ವಿಚಿತ್ರ ಆಗುತ್ತದೆ. ಆ ಮಿಶ್ರಣ 78.2 ಡಿಗ್ರಿಗೆ, ಅಂದರೆ ಎರಡಕ್ಕಿಂತಲೂ ಕಡಿಮೆ ಬಿಸಿಗೆ ಕುದಿಯುತ್ತದೆ. ಮೇಲೆ ಬರುವ ಆವಿಯಲ್ಲೂ ಕೆಳಗಿನ ದ್ರವದಲ್ಲೂ ಆಲ್ಕೋಹಾಲ್ ಪಾಲು ಒಂದೇ ಆಗಿಬಿಡುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ವ್ಯತ್ಯಾಸವೇ ಇಲ್ಲ ಅಂದಮೇಲೆ ಬಟ್ಟಿ ಇಳಿಸಿ ಏನು ಪ್ರಯೋಜನ? ಸುಮ್ನೆ ಕಟ್ಟಿಗೆ ದಂಡ. ಇದಕ್ಕೆ ಅಜಿಯೋಟ್ರೋಪ್ ಅನ್ನುತ್ತಾರೆ. ನಮ್ಮ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯಲ್ಲಿ ರೆಕ್ಟಿಫೈಡ್ ಸ್ಪಿರಿಟ್ ಅಂತ ಬರುವುದು ಈ ಗಡಿಯ ಆಸುಪಾಸಿನ ಮಾಲು.

ಈ ಗಡಿಯನ್ನು ಲವಣ (ಅಡುಗೆ ಉಪ್ಪಿನ ಜಾತಿಯ ಪದಾರ್ಥಗಳಿಗೆಲ್ಲ ಇರುವ ಹೆಸರು) ಮುರಿಯಬಲ್ಲದು. ಸರಿಯಾದ ಲವಣ ಸಾಕಷ್ಟು ಕರಗಿದ್ದರೆ ಅಜಿಯೋಟ್ರೋಪ್ ಮಾಯವಾಗುತ್ತದೆ, ಕೊನೆಯ ಹನಿ ನೀರಿನ ತನಕ ಆಲ್ಕೋಹಾಲ್ ಆವಿಯೇ ಮುಂದಿರುತ್ತದೆ. ಆದರೆ ಅಡುಗೆ ಉಪ್ಪಿನಿಂದ ಈ ಕೆಲಸ ಆಗದು. 100 ಗ್ರಾಂ ನೀರಿನಲ್ಲಿ 36 ಗ್ರಾಂ ತನಕ ಕರಗುವ ಉಪ್ಪು ಬರೀ ಆಲ್ಕೋಹಾಲ್‌ನಲ್ಲಿ ಒಂದು ಗ್ರಾಂ ಕೂಡ ಕರಗುವುದಿಲ್ಲ. ಸ್ಪಿರಿಟ್ ಗಟ್ಟಿಯಾಗುತ್ತ ಹೋದಂತೆ ಉಪ್ಪು ಹರಳಾಗಿ ತಳಕ್ಕೆ ಕೂರುತ್ತದೆ. ಕರಗದ ಉಪ್ಪು ಯಾರನ್ನು ಹಿಡಿದಿಡುತ್ತದೆ? ತೀರಾ ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ ಅನ್ನಿ.

ಇಲ್ಲಿ ಬೇಕಾಗುವುದು ನೀರನ್ನು ಗಟ್ಟಿಯಾಗಿ ಹಿಡಿಯುವ, ಆದರೆ ಆಲ್ಕೋಹಾಲ್‌ನಲ್ಲೂ ತಕ್ಕಮಟ್ಟಿಗೆ ಕರಗುವ ಲವಣ. ಪೊಟ್ಯಾಸಿಯಂ ಅಸಿಟೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಅಂಥವು. 1930ರ ದಶಕದಲ್ಲಿ ಜರ್ಮನಿಯಲ್ಲಿ ಹಿಯಾಗ್ ಎಂಬ ವಿಧಾನ ಬಂತು. ಪೊಟ್ಯಾಸಿಯಂ ಅಸಿಟೇಟ್, ಸೋಡಿಯಂ ಅಸಿಟೇಟ್ ಎರಡನ್ನೂ ಬೆರೆಸಿ, ಕಾಯಿಸಿ ಕರಗಿಸಿ, ಬಟ್ಟಿ ಗೋಪುರದ (ಕಾರ್ಖಾನೆಯಲ್ಲಿ ಬಟ್ಟಿ ಇಳಿಸುವ, ಒಳಗೆ ಒಂದರ ಮೇಲೊಂದು ತಟ್ಟೆಗಳಿರುವ ಎತ್ತರದ ಕೊಳವೆ) ನೆತ್ತಿಯಿಂದ ಒಳಗೆ ಬಿಡುತ್ತಿದ್ದರು. ಶೇಕಡಾ 99.8ರಷ್ಟು ಶುದ್ಧ ಆಲ್ಕೋಹಾಲ್ ಸಿಗುತ್ತಿತ್ತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ನೆತ್ತಿಯಿಂದಲೇ ಯಾಕೆ ಅಂತೀರಾ? ಲವಣ ಆವಿಯಾಗುವುದಿಲ್ಲ. ಕೆಳಗಿನ ಹಂಡೆಗೆ ಹಾಕಿದರೆ ಹಂಡೆಯಲ್ಲೇ ಉಳಿಯುತ್ತದೆ. ಮೇಲೆ ಇಪ್ಪತ್ತೋ ಮೂವತ್ತೋ ತಟ್ಟೆಗಳು ಇರುತ್ತವಲ್ಲ, ಆವಿ ಹಂತ ಹಂತವಾಗಿ ಶುದ್ಧವಾಗುತ್ತ ಹೋಗುವುದು ಅಲ್ಲೇ. ಅಲ್ಲಿ ಲವಣದ ಸುಳಿವೇ ಇರುವುದಿಲ್ಲ. ಮೇಲಿನಿಂದ ಬಿಟ್ಟರೆ ಪ್ರತಿ ತಟ್ಟೆಯನ್ನೂ ತೋಯಿಸುತ್ತ ಕೆಳಗೆ ಇಳಿಯುತ್ತದೆ. ಲ್ಯಾಬಿನ ಫ್ಲಾಸ್ಕಿಗೂ ಕಾರ್ಖಾನೆಯ ಗೋಪುರಕ್ಕೂ ಇರುವ ವ್ಯತ್ಯಾಸ ಇದೇ. ಎಷ್ಟೋ ಜನ ಓದಿದವರೂ ಇದನ್ನು ಮರೆಯುತ್ತಾರೆ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದರೆ ನಮ್ಮ ಎಥೆನಾಲ್ ಕಾರ್ಖಾನೆಗಳು ಯಾಕೆ ಅದನ್ನು ಬಳಸುವುದಿಲ್ಲ? (ಬಾಗಲಕೋಟೆ)

ಉಪ್ಪನ್ನು ಸಾಕುವುದು ಕಷ್ಟ, ಅದಕ್ಕೆ. (ಎಥೆನಾಲ್ ಅಂದರೆ ನಾವು ಇಷ್ಟು ಹೊತ್ತು ಆಲ್ಕೋಹಾಲ್ ಅನ್ನುತ್ತಿರುವುದೇ.)

ಬಾಟಲಿ ತೊಳೆಯುವ ಹುಡುಗನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ದ್ರವ ಅಂದರೆ ಇಷ್ಟ. ಪಂಪಿಗೆ ಹಾಕಿದರೆ ಹೋಗುತ್ತದೆ, ವಾಲ್ವ್ ತಿರುಗಿಸಿದರೆ ನಿಲ್ಲುತ್ತದೆ. ಲವಣ ಹಾಗಲ್ಲ. ಒಂದು ಕಡೆ ಬಿಸಿ ಕಮ್ಮಿಯಾದರೆ ಹರಳುಗಟ್ಟಿ ಪೈಪು ಕಟ್ಟಿಕೊಳ್ಳುತ್ತದೆ. ಕೆಳಗೆ ಬಂದ ಲವಣದ ನೀರನ್ನು ಬತ್ತಿಸಿ, ಒಣಗಿಸಿ, ಮತ್ತೆ ಮೇಲಕ್ಕೆ ಕಳಿಸಬೇಕು. ಆ ಬತ್ತಿಸುವುದಕ್ಕೆ ಬೇರೆ ಉಗಿ ಖರ್ಚು. ಕ್ಲೋರೈಡ್ ಆದರೆ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ, ಬಿಸಿಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಕೊರೆಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನಿದ್ದ ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟು ಒಂದು ಸಣ್ಣ ಪ್ರಯೋಗ ಮಾಡಿದ್ದೆವು. ಆಲ್ಕೋಹಾಲ್ ಏನೋ ಚೆನ್ನಾಗಿ ಬಂತು. ಎರಡು ತಿಂಗಳಲ್ಲಿ ಪಾತ್ರೆಯ ಬೆಸುಗೆಯ ಪಕ್ಕದಲ್ಲಿ ಹನಿ ಜಿನುಗತೊಡಗಿತು. ಆ ರಿಪೋರ್ಟನ್ನು ಬರೆದವನೂ ನಾನೇ, ಬೈಸಿಕೊಂಡವನೂ ನಾನೇ.

ಈಗ ಬಳಸುವುದು ಮಾಲಿಕ್ಯುಲರ್ ಸೀವ್, ಅಂದರೆ ಅಣುಗಳ ಜರಡಿ. ಅದು ಜಿಯೋಲೈಟ್ ಎಂಬ ಪದಾರ್ಥದ ಗುಂಡುಗಳು, ಸಾಬುದಾನದ ಹಾಗೆ ಕಾಣುತ್ತವೆ. ಅದರ ರಂಧ್ರ 3 ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ನೀರಿನ ಅಣು ಈ ರಂಧ್ರದೊಳಗೆ ನುಸುಳುತ್ತದೆ, ಎಥೆನಾಲ್ ಅಣು ದೊಡ್ಡದು, ಹೊರಗೇ ಉಳಿಯುತ್ತದೆ. ಗುಂಡುಗಳಲ್ಲಿ ನೀರು ತುಂಬಿದ ಮೇಲೆ ಒತ್ತಡ ಇಳಿಸಿ ಆ ನೀರನ್ನು ಓಡಿಸಿ ಮತ್ತೆ ಬಳಸುತ್ತಾರೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನಲ್ಲಿ ನೀರು ಶೇಕಡಾ ಅರ್ಧಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಟ್ಯಾಂಕಿನಲ್ಲಿ ನೀರು, ಎಥೆನಾಲ್ ಕೆಳಗೆ ಬೇರೆಯಾಗಿ ಕೂರುವ ಅಪಾಯ ಇದೆ. ಈ ಜರಡಿ ಬರುವ ಮುಂಚೆ ಬೆಂಜೀನ್ ಎಂಬ ದ್ರವ ಹಾಕಿ ನೀರು ಬೇರ್ಪಡಿಸುತ್ತಿದ್ದರು, 1902ರಲ್ಲಿ ಸಿಡ್ನಿ ಯಂಗ್ ಎಂಬ ಬ್ರಿಟಿಷ್ ವಿಜ್ಞಾನಿ ತೋರಿಸಿದ ದಾರಿ ಅದು. ಬೆಂಜೀನ್ ಕ್ಯಾನ್ಸರ್ ತರುತ್ತದೆ ಎಂದು ಗೊತ್ತಾದ ಮೇಲೆ ಸೈಕ್ಲೋಹೆಕ್ಸೇನ್ ಎಂಬ ಇನ್ನೊಂದು ದ್ರವದ ಕಡೆ ತಿರುಗಿದರು.

ಇನ್ನೊಂದು ವಿಷಯ ನಿಮ್ಮ ಕಡೆಯವರಿಗೆ ಹೇಳಲೇಬೇಕು. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್‌ವಾಶ್‌ನಲ್ಲಿ ಪೊಟ್ಯಾಸಿಯಂ ಹೇರಳವಾಗಿರುತ್ತದೆ, ಅದು ಕಬ್ಬು ಮಣ್ಣಿನಿಂದ ಹೀರಿಕೊಂಡು ತಂದದ್ದು. ಈಗ ಆ ಪೊಟ್ಯಾಶ್ ತೆಗೆದು ಗೊಬ್ಬರವಾಗಿ ಮಾರುತ್ತಿದ್ದಾರೆ. ಇದರ ಜೊತೆಗೆ ಟನ್‌ಗಟ್ಟಲೆ ಅಡುಗೆ ಉಪ್ಪೂ ಸೇರಿದ್ದರೆ? ಆ ಗೊಬ್ಬರ ಹೊಲಕ್ಕೆ ಬಿದ್ದರೆ ನೆಲ ಚೌಳು. ಹಾಗಾಗಿ ಉಪ್ಪಿನ ದಾರಿ ಹಿಡಿಯದೆ ಇದ್ದದ್ದು ನನ್ನ ಮಟ್ಟಿಗೆ ಒಳ್ಳೆಯದೇ ಆಯಿತು.

ಲವಣವನ್ನು ಎಲ್ಲರೂ ಪೂರ್ತಿ ಬಿಟ್ಟಿಲ್ಲ. ಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಪೊಟ್ಯಾಸಿಯಂ ಅಸಿಟೇಟ್ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಆ ದ್ರವವನ್ನೇ ಗೋಪುರಕ್ಕೆ ಬಿಡುವ ಉಪಾಯವನ್ನು ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯದವರು ಬೆಳೆಸಿದರು. ಪಂಪಿಗೂ ಸಮಾಧಾನ, ಲವಣದ ಶಕ್ತಿಯೂ ಸಿಗುತ್ತದೆ. ಕೋಣೆಯ ಬಿಸಿಗೇ ದ್ರವವಾಗಿರುವ ಲವಣಗಳೂ ಈಗ ಬಂದಿವೆ, ಬೆಲೆ ಮಾತ್ರ ಕೇಳಬೇಡಿ. ಆಲ್ಕೋಹಾಲ್ ಬಿಟ್ಟು ಬೇರೆ ಕಡೆ ಇದೇ ಉಪಾಯ ಚೆನ್ನಾಗಿ ಗೆದ್ದಿದೆ. ನೈಟ್ರಿಕ್ ಆಮ್ಲವೂ ನೀರಿನ ಜೊತೆ ಶೇಕಡಾ 68ರಲ್ಲಿ ಹೀಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ದಾಟಿಸಲು ಕಾರ್ಖಾನೆಗಳಲ್ಲಿ ಮೆಗ್ನೀಸಿಯಂ ನೈಟ್ರೇಟ್ ಬಳಸುತ್ತಾರೆ.

ಪ್ರಶ್ನೆ: ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು? (ಧಾರವಾಡದ ಒಬ್ಬ ವಿದ್ಯಾರ್ಥಿನಿ)

ಒಬ್ಬರ ಹೆಸರು ಹೇಳಲಾಗದು, ಆದರೆ ಕಥೆ ಮಜವಾಗಿದೆ. ಹಳೆಯ ಕಾಲದ ರಸವಾದಿ ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನಲ್ಲಿ ಉಳಿದುಬಂದಿರುವ ಅರಬ್ಬಿ ಬರಹಗಳಲ್ಲಿ ವೈನ್‌ಗೆ ಉಪ್ಪು ಹಾಕಿ ಕುದಿಸಿದಾಗ ಬಾಟಲಿಯ ಬಾಯಲ್ಲಿ ಬೆಂಕಿ ಹೊತ್ತಿಕೊಳ್ಳುವ ಮಾತು ಬರುತ್ತದೆ. ಬರೀ ವೈನ್ ಕುದಿಸಿದರೆ ಆವಿಯಲ್ಲಿ ನೀರೂ ಜಾಸ್ತಿ, ಬೆಂಕಿ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಉಪ್ಪು ಬಿದ್ದರೆ ಆಲ್ಕೋಹಾಲ್ ಆವಿ ಮುನ್ನುಗ್ಗುತ್ತದೆ. ಅವರಿಗೆ ಅಯಾನೂ ಗೊತ್ತಿಲ್ಲ, ಅಣುವೂ ಗೊತ್ತಿಲ್ಲ, ಆದರೆ ಕಣ್ಣಿಗೆ ಕಂಡದ್ದನ್ನು ಬರೆದಿಟ್ಟರು.

ಆಮೇಲೆ 12ನೇ ಶತಮಾನದ ಒಂದು ಲ್ಯಾಟಿನ್ ಹಸ್ತಪ್ರತಿ ಇದೆ, ಹೆಸರು 'ಮಾಪೆ ಕ್ಲಾವಿಕುಲ', ಬಣ್ಣ, ಲೋಹ ಇತ್ಯಾದಿಗಳ ಕೈಪಿಡಿ. ಅದರಲ್ಲಿ ಉರಿಯುವ ನೀರು ಮಾಡುವ ವಿಧಾನ ಒಂದೇ ವಾಕ್ಯದಲ್ಲಿದೆ. ಶುದ್ಧವಾದ ಗಟ್ಟಿ ವೈನ್‌ಗೆ ಉಪ್ಪು ಬೆರೆಸಿ ಕುದಿಸಿ ಎಂಬುದು ತಾತ್ಪರ್ಯ. ಆದರೆ 'ವೈನ್', 'ಪಾಲು', 'ಉಪ್ಪು' ಎಂಬ ಮೂರು ಪದಗಳನ್ನು ಗುಟ್ಟಿನ ಲಿಪಿಯಲ್ಲಿ ಬರೆದಿದ್ದಾರೆ! ಪ್ರತಿ ಅಕ್ಷರದ ಬದಲು ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರ. ನಾವು 'ಕಮಲ' ಎಂದು ಬರೆಯುವ ಬದಲು 'ಖಯವ' ಎಂದು ಬರೆದ ಹಾಗೆ. ಶಾಲೆಯಲ್ಲಿ ಚೀಟಿ ಕಳಿಸಲು ನಾವೂ ಇದೇ ಲಿಪಿ ಬಳಸಿದ್ದೆವು, ಮೇಷ್ಟ್ರು ಅರ್ಧ ನಿಮಿಷದಲ್ಲಿ ಬಿಡಿಸಿದರು. ಪಾಪ, ಆ ಬರಹಗಾರನಿಗೆ ಉಪ್ಪೇ ಗುಟ್ಟು ಅನ್ನಿಸಿತ್ತು.

ನೀರು ಪೂರ್ತಿ ತೆಗೆದ ಆಲ್ಕೋಹಾಲನ್ನು 1796ರಲ್ಲಿ ರಷ್ಯಾದ ಪೀಟರ್ಸ್‌ಬರ್ಗ್‌ನ ಯೋಹಾನ್ ಟೊಬಿಯಾಸ್ ಲೋವಿಟ್ಸ್ ಮಾಡಿ ತೋರಿಸಿದರು. ಗಟ್ಟಿ ಸ್ಪಿರಿಟ್‌ಗೆ ಒಣ ಕ್ಷಾರವನ್ನು ಧಾರಾಳವಾಗಿ ಬೆರೆಸಿ, ಸಣ್ಣ ಉರಿಯಲ್ಲಿ ಬಟ್ಟಿ ಇಳಿಸಿದರು. ಉಪ್ಪು ಎಷ್ಟು ಹಾಕಿದರೆ ನೀರಿನಲ್ಲಿ ಕರಗಿದ್ದನ್ನು ಎಷ್ಟು ಹೊರದಬ್ಬುತ್ತದೆ ಎಂಬ ಲೆಕ್ಕವನ್ನು 1889ರಲ್ಲಿ ಸೂತ್ರವಾಗಿ ಕೊಟ್ಟವರು ಕೆಮಿಸ್ಟ್ ಅಲ್ಲ, ಇವಾನ್ ಸೆಚೆನೋವ್ ಎಂಬ ರಷ್ಯಾದ ಶರೀರಶಾಸ್ತ್ರಜ್ಞರು! ಅವರಿಗೆ ಬೇಕಾಗಿದ್ದದ್ದು ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಎಷ್ಟು ಕರಗುತ್ತದೆ ಎಂಬುದು, ಅದಕ್ಕಾಗಿ ಉಪ್ಪುನೀರಿನಲ್ಲಿ ಅಳೆಯುತ್ತ ಕೂತರು. ಅದೇ ಸೂತ್ರ ಇವತ್ತೂ ಆಲ್ಕೋಹಾಲ್‌ಗೆ ಬಳಕೆಯಲ್ಲಿದೆ. ಬಟ್ಟಿ ಇಳಿಸುವಾಗ ಲವಣದ ಪರಿಣಾಮ ಏನು ಎಂಬುದನ್ನೇ ಬೆನ್ನುಹತ್ತಿ ಕೆಲಸ ಮಾಡಿದವರು ಕೆನಡಾದ ರಾಯಲ್ ಮಿಲಿಟರಿ ಕಾಲೇಜಿನ ವಿಲಿಯಂ ಫರ್ಟರ್. ಈ ವಿಷಯದಲ್ಲಿ ಮುಂದೆ ಓದುವ ಆಸೆ ಇದ್ದರೆ ಅವರ ಹೆಸರು ನೆನಪಿಟ್ಟುಕೊಳ್ಳಮ್ಮ.

ಪ್ರಶ್ನೆ: ಮನೆಯಲ್ಲಿ ಮಕ್ಕಳಿಗೆ ತೋರಿಸುವಂಥ ಪ್ರಯೋಗ ಏನಾದರೂ ಇದೆಯಾ? ಬಟ್ಟಿ ಗಿಟ್ಟಿ ಬೇಡ. (ಶಿವಮೊಗ್ಗದ ಶಿಕ್ಷಕಿ)

ಇದೆ, ಒಲೆಯೇ ಬೇಡ. ಮೆಡಿಕಲ್ ಶಾಪಿನಲ್ಲಿ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಐಪಿಎ ಅಂತ ಕೇಳಿ. ಜೆಲ್ ಸ್ಯಾನಿಟೈಸರ್ ಬೇಡ, ನೀರಿನ ಹಾಗಿರುವುದನ್ನೇ ತನ್ನಿ. ಗಾಜಿನ ಬಾಟಲಿಗೆ ಅರ್ಧ ಲೋಟ ಸುರಿದು, ಚಿಟಿಕೆ ಅರಿಶಿನ ಹಾಕಿ ಅಲ್ಲಾಡಿಸಿ. ಪೂರ್ತಿ ಹಳದಿ ಆಗುತ್ತದೆ. ಈಗ ಮೂರ್ನಾಲ್ಕು ಚಮಚ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಒಂದೆರಡು ನಿಮಿಷ ಚೆನ್ನಾಗಿ ಕುಲುಕಿ ಇಡಿ. ಎರಡು ಪದರ ಆಗುತ್ತದೆ. ಮೇಲಿನದು ಗಾಢ ಹಳದಿ, ಕೆಳಗಿನದು ಹೆಚ್ಚೂಕಡಿಮೆ ಬಣ್ಣವಿಲ್ಲದ್ದು. ಮೇಲೆ ಆಲ್ಕೋಹಾಲ್, ಕೆಳಗೆ ಉಪ್ಪುನೀರು. ಅರಿಶಿನದ ಬಣ್ಣಕ್ಕೆ ನೀರು ಕಂಡರೆ ಆಗದು, ಅದು ಆಲ್ಕೋಹಾಲ್ ಬೆನ್ನಿಗೇ ಹೋಗುತ್ತದೆ. ಬಟ್ಟಿಯಲ್ಲಿ ಆವಿಯಾಗಿ ಹೊರದಬ್ಬುವ ಉಪ್ಪು ಇಲ್ಲಿ ಪದರವಾಗಿಯೇ ಹೊರದಬ್ಬುತ್ತದೆ.

ಕುಡಿಯುವ ಜಾತಿಯ ಆಲ್ಕೋಹಾಲ್, ಅಂದರೆ ಎಥೆನಾಲ್ ಇಟ್ಟುಕೊಂಡು ಇದೇ ಪ್ರಯೋಗ ಮಾಡಿದರೆ ಅಡುಗೆ ಉಪ್ಪಿಗೆ ಪದರ ಆಗುವುದಿಲ್ಲ. ಎಥೆನಾಲ್‌ನ ಬಾಲ ಇನ್ನೂ ಗಿಡ್ಡ, ನೀರಿನ ಸಹವಾಸ ಬಿಡಿಸುವುದು ಕಷ್ಟ. ಅದಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್‌ನಂಥ ಗಟ್ಟಿ ಆಳು ಬೇಕು. ಅಜ್ಜಿಯರ ಕಾಲದಲ್ಲಿ ಒಲೆಯ ಬೂದಿಯನ್ನು ನೀರಿನಲ್ಲಿ ನೆನೆಸಿ, ತಿಳಿ ತೆಗೆದು ಬಟ್ಟೆ ಒಗೆಯುತ್ತಿದ್ದರಲ್ಲ, ಆ ತಿಳಿಯಲ್ಲಿರುವುದು ಮುಖ್ಯವಾಗಿ ಇದೇ ಪದಾರ್ಥ.

ಐಪಿಎ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆಯಲ್ಲಿ, ದೀಪದ ಹತ್ತಿರ ಮಾಡಬೇಡಿ. ಕುಡಿದರೆ ವಿಷ, ಮಕ್ಕಳ ಕೈಗೆ ಬಾಟಲಿ ಕೊಟ್ಟು ಒಳಗೆ ಹೋಗಬೇಡಿ.

ಪ್ರಶ್ನೆ: ಕ್ಯಾಲ್ಸಿಯಂ ಕ್ಲೋರೈಡ್ ನೀರು ಹೀರುತ್ತದಲ್ಲ, ಸುಮ್ನೆ ಅದನ್ನು ಸ್ಪಿರಿಟ್‌ಗೆ ಹಾಕಿಟ್ಟು ಸೋಸಿದರೆ ಆಗಲ್ವಾ? (ಹಾಸನ)

ಈ ತಪ್ಪನ್ನು ನಾನೇ ಮಾಡಿದ್ದೇನೆ, ಎಂ.ಎಸ್‌ಸಿ. ಮೊದಲ ವರ್ಷದಲ್ಲಿ. ಕಾಲು ಲೀಟರ್ ಸ್ಪಿರಿಟ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಸುರಿದು ರಾತ್ರಿ ಇಟ್ಟು ಹೋದೆ. ಬೆಳಗ್ಗೆ ನೋಡಿದರೆ ಮುದ್ದೆ! ಕ್ಯಾಲ್ಸಿಯಂ ಕ್ಲೋರೈಡ್‌ಗೆ ನೀರು ಹೆಚ್ಚು ಇಷ್ಟ, ಆದರೆ ಆಲ್ಕೋಹಾಲನ್ನೂ ಅದು ಬಿಡುವುದಿಲ್ಲ. ಎರಡನ್ನೂ ಅಂಟಿಸಿಕೊಂಡು ಕೂರುತ್ತದೆ. ನಮ್ಮ ಲ್ಯಾಬ್ ಅಟೆಂಡರ್ ನೋಡಿ, ಸುಟ್ಟ ಸುಣ್ಣ ಹಾಕಬೇಕಿತ್ತು ಸಾರ್ ಅಂದರು. ಅವರು ಹೇಳಿದ್ದೇ ಸರಿ. ಸುಟ್ಟ ಸುಣ್ಣ ನೀರಿನ ಜೊತೆ ಸೇರಿ ಅರಳಿದ ಸುಣ್ಣವಾಗುತ್ತದೆ, ಆಲ್ಕೋಹಾಲ್ ತಂಟೆಗೆ ಹೋಗುವುದಿಲ್ಲ. ಆಮೇಲೆ ಬಟ್ಟಿ ಇಳಿಸಿದರೆ ಒಣ ಆಲ್ಕೋಹಾಲ್ ಬರುತ್ತದೆ. ಲ್ಯಾಬುಗಳಲ್ಲಿ ಬಹಳ ಕಾಲ ನಡೆದ ಪದ್ಧತಿ ಇದು.

ಎಲ್ಲ ಲವಣವೂ ನೀರಿನ ಪಕ್ಷವೇ ಅಂದುಕೊಳ್ಳಬೇಡಿ ಮತ್ತೆ. ಮರ್ಕ್ಯುರಿಕ್ ಕ್ಲೋರೈಡ್ ಇದೆ, ಘೋರ ವಿಷ. ಅದು ನೀರಿಗಿಂತ ಆಲ್ಕೋಹಾಲ್‌ನಲ್ಲೇ ಜಾಸ್ತಿ ಕರಗುತ್ತದೆ. ಅದನ್ನು ಹಾಕಿದರೆ ಪರಿಣಾಮ ಉಲ್ಟಾ, ಆಲ್ಕೋಹಾಲ್ ಕೆಳಗೇ ಉಳಿಯಲು ನೋಡುತ್ತದೆ. ಲವಣ ಯಾರ ಜೊತೆ ಸ್ನೇಹ ಮಾಡುತ್ತದೋ ಅವರನ್ನು ಕೆಳಗೆ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪ್ರಶ್ನೆ: ಕಳ್ಳಬಟ್ಟಿಯವರು ಬೆಲ್ಲದ ಕೊಳೆಗೆ ನವಸಾಗರ ಹಾಕುತ್ತಿದ್ದರು ಎಂದು ನಮ್ಮ ತಾತ ಹೇಳುತ್ತಿದ್ದರು. ಅದೂ ಒಂದು ಲವಣವೇ ಅಲ್ವಾ? ಅದಕ್ಕೇ ಹಾಕುತ್ತಿದ್ದರಾ? (ಹೆಸರು ಬೇಡ ಎಂದಿದ್ದಾರೆ)

ಲವಣವೇ, ಅಮೋನಿಯಂ ಕ್ಲೋರೈಡ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ಉದುರಿಸಿ ಬಿಳಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದೇ. ಆದರೆ ಕೊಳೆಗೆ ಹಾಕುವುದು ಬೇರೆ ಕಾರಣಕ್ಕೆ. ಬೆಲ್ಲದಲ್ಲಿ ಸಕ್ಕರೆ ಬೇಕಾದಷ್ಟಿದೆ, ಸಾರಜನಕ ಕಮ್ಮಿ. ಸಾರಜನಕ ಇಲ್ಲದೆ ಯೀಸ್ಟ್ ಬೆಳೆಯುವುದಿಲ್ಲ. ನವಸಾಗರದ ಅಮೋನಿಯಂ ಯೀಸ್ಟ್‌ಗೆ ಗೊಬ್ಬರ. ಲೈಸೆನ್ಸ್ ಇರುವ ಡಿಸ್ಟಿಲರಿಯವರೂ ಇದೇ ಕೆಲಸಕ್ಕೆ ಯೂರಿಯಾ, ಡಿಎಪಿ ಹಾಕುತ್ತಾರೆ. ನಾವು ಇಷ್ಟು ಹೊತ್ತು ಮಾತಾಡಿದ ಉಪ್ಪಿನ ಪರಿಣಾಮಕ್ಕೆ ಆ ಪ್ರಮಾಣ ಯಾವ ಮೂಲೆಗೂ ಸಾಲದು.

ಇದೇ ಪತ್ರದಲ್ಲಿ ಇನ್ನೊಂದು ಮಾತಿದೆ, ಉಪ್ಪು ಹಾಕಿ ಬಟ್ಟಿ ಇಳಿಸಿದರೆ ವಿಷ ಹೋಗುತ್ತದಂತೆ ಎಂದು. ಹೋಗುವುದಿಲ್ಲ! ಯಾರೇ ಹೇಳಿದರೂ ನಂಬಬೇಡಿ. ವಿಷ ಅಂದರೆ ಇಲ್ಲಿ ಮೆಥನಾಲ್, ಎಥೆನಾಲ್ ಜಾತಿಯದೇ ಇನ್ನೊಂದು ಆಲ್ಕೋಹಾಲ್. ಅದು 64.7 ಡಿಗ್ರಿಗೆ ಕುದಿಯುತ್ತದೆ ಎಂದ ಮಾತ್ರಕ್ಕೆ ಮೊದಲ ಲೋಟದಲ್ಲೇ ಪೂರ್ತಿ ಬಂದುಬಿಡುವುದಿಲ್ಲ, ಕೊನೆಯವರೆಗೂ ಎಥೆನಾಲ್ ಜೊತೆ ಬರುತ್ತಲೇ ಇರುತ್ತದೆ. ಉಪ್ಪು ಅದನ್ನು ಕೆಳಗೆ ಹಿಡಿಯುವುದೂ ಇಲ್ಲ. ಬೆಲ್ಲದ ಕೊಳೆಯಲ್ಲಿ ತಾನಾಗಿ ಹುಟ್ಟುವ ಮೆಥನಾಲ್ ತೀರಾ ಕಮ್ಮಿ. ಜನ ಸತ್ತದ್ದು ಕಾರ್ಖಾನೆಗೆಂದು ಬಂದ ಮೆಥನಾಲನ್ನು ಬೆರೆಸಿ ಮಾರಿದ್ದಕ್ಕೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅಂಥ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮನೆಯಲ್ಲಿ ಬಟ್ಟಿ ಇಳಿಸುವುದು ನಮ್ಮ ರಾಜ್ಯದ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧ. ಅದರ ಬಗ್ಗೆ ವಿಧಾನ ಕೇಳಿ ಬಂದ ಮೂರು ಪತ್ರಗಳಿಗೆ ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ಕುಡಿದು ಗಾಡಿ ಓಡಿಸಿದವರ ರಕ್ತ ಪರೀಕ್ಷೆಯಲ್ಲಿ ಉಪ್ಪು ಹಾಕುತ್ತಾರೆ ಎಂದು ಎಲ್ಲೋ ಓದಿದೆ. ನಿಜವಾ? (ಮೈಸೂರು)

ನಿಜ, ಇದೇ ತತ್ವ. ಲ್ಯಾಬಿನಲ್ಲಿ ರಕ್ತವನ್ನು ನೇರವಾಗಿ ಯಂತ್ರಕ್ಕೆ ಹಾಕುವುದಿಲ್ಲ. ಸಣ್ಣ ಸೀಸೆಯಲ್ಲಿ ಮುಚ್ಚಿ, ಬಿಸಿ ಮಾಡಿ, ಮೇಲಿನ ಖಾಲಿ ಜಾಗದ ಗಾಳಿಯನ್ನು ತೆಗೆದು ಅದರಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ, ಆವಿಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ನೋಡುತ್ತಾರೆ. ಕೆಲವು ಕಡೆ ಸೀಸೆಗೆ ಲವಣ ಸೇರಿಸುತ್ತಾರೆ. ಆಲ್ಕೋಹಾಲ್ ಆವಿ ಜಾಸ್ತಿ ಮೇಲೆ ಬರುತ್ತದೆ, ಸಣ್ಣ ಪ್ರಮಾಣವೂ ಸಿಕ್ಕಿಬೀಳುತ್ತದೆ. ರಕ್ತ ಕೆಡದಿರಲಿ ಎಂದು ಟ್ಯೂಬಿನಲ್ಲಿ ಮೊದಲೇ ಇಟ್ಟಿರುವ ಸೋಡಿಯಂ ಫ್ಲೋರೈಡ್ ಕೂಡ ಒಂದು ಲವಣವೇ, ಅದೂ ಈ ಆಟ ಆಡುತ್ತದೆ. ಹಾಗಾಗಿ ಹೋಲಿಸಿ ನೋಡುವ ಮಾದರಿಗಳಿಗೂ ಲವಣದ ಪ್ರಭಾವ ಒಂದೇ ಥರ ಇರುವ ಹಾಗೆ ಎಚ್ಚರ ವಹಿಸುತ್ತಾರೆ. ನಮ್ಮಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಷ್ಟು ಸಣ್ಣ ಅಂಕಿಯ ಮೇಲೆ ಒಬ್ಬರ ಲೈಸೆನ್ಸ್ ನಿಂತಿರುವಾಗ ಉಪ್ಪಿನ ಲೆಕ್ಕ ತಪ್ಪುವ ಹಾಗಿಲ್ಲ.

ಪ್ರಶ್ನೆ: ಉಪ್ಪು ಹಾಕಿ ಬಟ್ಟಿ ಇಳಿಸಿದ ಸ್ಪಿರಿಟ್ ಉಪ್ಪುಪ್ಪಾಗಿ ಇರುತ್ತದಾ? (ಪುತ್ತೂರು)

ಇಲ್ಲ. ಆ ಬಿಸಿಗೆ ಉಪ್ಪು ಆವಿಯಾಗುವುದಿಲ್ಲ, ಪೂರ್ತಿ ಕೆಳಗೇ ಉಳಿಯುತ್ತದೆ. ಹಾಗೇನಾದರೂ ಮೇಲೆ ಬಂದಿದ್ದರೆ ಉರಿ ಜಾಸ್ತಿಯಾಗಿ ನೊರೆ ಉಕ್ಕಿ ಪೈಪಿಗೆ ಹತ್ತಿದೆ ಎಂದರ್ಥ. ಲ್ಯಾಬಿನಲ್ಲಾದರೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿ. ಬಂದ ದ್ರವ ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪು ಸೇರಿದೆ. ಫ್ಲಾಸ್ಕ್ ತೊಳೆದು ಮೊದಲಿನಿಂದ ಶುರುಮಾಡಿ, ಈ ಸಲ ಉರಿ ಸಣ್ಣಗಿರಲಿ.